ಟ್ರ್ಯಾಕ್ಟರ್ ಮಾರ್ಚಿನ ಮೇಷ್ಟ್ರು

ಆ ವರ್ಷಗಳಲ್ಲಿ ಬೇಸಿಗೆಯ ಮಧ್ಯಾಹ್ನ ಐಸ್‌ಕ್ರೀಮ್ ವ್ಯಾನು ನಮ್ಮ ಬೀದಿಗೆ ಬಂತೆಂದರೆ ಮಕ್ಕಳೆಲ್ಲ ಮನೆಯಿಂದ ಹೊರಗೆ ಓಡಿಬರುತ್ತಿದ್ದರು, ಮೇಷ್ಟ್ರು ಒಬ್ಬರೇ ಅಂಗಳದಿಂದ ಒಳಗೆ ಓಡುತ್ತಿದ್ದರು. ವ್ಯಾನಿನ ನೆತ್ತಿಯ ಮೇಲಿನ ತುತ್ತೂರಿಯಲ್ಲಿ ಕಿರುಚುತ್ತಿದ್ದದ್ದು ಅವರೇ ಬರೆದ ಸಂಗೀತ. ಬೇರೆ ಯಾರಾದರೂ ಆಗಿದ್ದರೆ ಎದೆಯುಬ್ಬಿಸಿಕೊಂಡು ಬಾಗಿಲಲ್ಲಿ ನಿಲ್ಲುತ್ತಿದ್ದರು. ನಮ್ಮ ಸೆಂತ್‌ಕುತಿ ಎಲೆಮೇರ್ ಮೇಷ್ಟ್ರು ಮಾತ್ರ ಕಿಟಕಿ ಮುಚ್ಚಿ, ಕಿವಿಗೆ ದಿಂಬು ಒತ್ತಿಕೊಂಡು, ಹಂಗೇರಿ ಭಾಷೆಯ ಬೈಗುಳಗಳನ್ನೆಲ್ಲ ಒಂದು ಸುತ್ತು ಹೇಳಿ ಮುಗಿಸುತ್ತಿದ್ದರು. ನಮ್ಮ ಭಾಷೆಯಲ್ಲಿ ಬೈಗುಳಕ್ಕೆ ಬರವಿಲ್ಲ. ವ್ಯಾನು ಮುಂದಿನ ಬೀದಿಗೆ ಹೋದ ಮೇಲೂ ಅದು ಬಹಳ ಹೊತ್ತು ನಡೆಯುತ್ತಿತ್ತು.

ನಾನು ಬೊಗಾರ್ ದೆಜೋ. ತೀಸಾ ನದಿ ದಂಡೆಯ ನಮ್ಮ ಊರಿನ ವಾದ್ಯವೃಂದದಲ್ಲಿ ಭೇರಿ ಬಾರಿಸುವವನು. ಮೀಸೆ ಚಿಗುರುವಾಗ ಮೇಷ್ಟ್ರ ಕೈಕೆಳಗೆ ಸೇರಿದೆ, ಅದು ಬೆಳ್ಳಗಾಗುವವರೆಗೂ ಅಲ್ಲೇ ಇದ್ದೆ. ಭೇರಿಯವನ ಕೆಲಸ ಬಾರಿಸುವುದೆಂದು ಜನ ತಿಳಿದಿದ್ದಾರೆ. ಸುಳ್ಳು, ಅವನ ಕೆಲಸ ಕಾಯುವುದು. ಪಿಟೀಲಿನವರು ಸಂಜೆಯಿಡೀ ಬೆವರು ಸುರಿಸುತ್ತಾರೆ, ಕೊಳಲಿನವರಿಗೆ ಹೆಂಗಸರು ಹೂವು ಕೊಡುತ್ತಾರೆ, ಭೇರಿಯವನು ಹಿಂದಿನ ಸಾಲಿನಲ್ಲಿ ಕೂತು ಉಳಿದವರ ಬೋಳುತಲೆ ನೋಡುತ್ತ ತನ್ನ ಸರದಿಗೆ ಕಾಯುತ್ತಾನೆ. ಇಡೀ ಸಭೆ ಕತ್ತು ಚಾಚಿ ನನ್ನನ್ನೇ ನೋಡುವ ಸಂಗೀತ ಈ ಭೂಮಿಯ ಮೇಲೆ ಒಂದೇ ಒಂದು ಇತ್ತು. ಅದೇ ಮೇಷ್ಟ್ರ 'ಟ್ರ್ಯಾಕ್ಟರ್ ಮಾರ್ಚ್'. ಆದ್ದರಿಂದ ಮೊದಲೇ ಹೇಳಿಬಿಡುತ್ತೇನೆ, ಮೇಷ್ಟ್ರಿಗೆ ಅದನ್ನು ಕಂಡರೆ ಎಷ್ಟು ಸಿಟ್ಟೋ ನನಗೆ ಅಷ್ಟೇ ಪ್ರೀತಿ.

ಮೇಷ್ಟ್ರು ಕ್ಷೌರದಂಗಡಿಯವರ ಮಗ. ಅಪ್ಪನ ಕತ್ತರಿಯ ಸದ್ದಿನಲ್ಲೇ ತಾಳ ಕಲಿತೆ ಎನ್ನುತ್ತಿದ್ದರು. ರಾಜಧಾನಿ ಪೆಸ್ತ್‌ನ ಸಂಗೀತ ಶಾಲೆಯಲ್ಲಿ ಓದಿ, ಯುದ್ಧ ಮುಗಿದ ಮೇಲೆ ಊರಿಗೆ ಬಂದು, ಅರ್ಧ ವಾದ್ಯಗಳು ಕಳವಾಗಿ ಅರ್ಧ ಒಲೆಗೆ ಹೋಗಿದ್ದ ವಾದ್ಯವೃಂದವನ್ನು ಮತ್ತೆ ಕಟ್ಟಿದರು. ಎಂದೂ ಕಿರುಚಿದವರಲ್ಲ. ವೃಂದ ನಡೆಸುವ ಕೋಲು ಕೆಳಗಿಟ್ಟು ಮೆಲುದನಿಯಲ್ಲಿ, "ಸಿದೋನಿಯ, ಈಗ ಕೇಳಿಸಿದ್ದು ಪಿಟೀಲಾ, ಅಥವಾ ಹುಳಿ ಹಿಡಿದ ಎಲೆಕೋಸನ್ನ ಯಾರಾದ್ರೂ ತುಳಿದ್ರಾ?" ಎಂದು ಕೇಳುತ್ತಿದ್ದರು. ಸಿದೋನಿಯ ನಮ್ಮ ಮೊದಲ ಪಿಟೀಲು, ಬಾಯಲ್ಲಿ ಮೇಷ್ಟ್ರಿಗೇನೂ ಕಡಿಮೆಯಲ್ಲ. "ಎಲೆಕೋಸು ಅಂತ ನೀವೇ ಬರೆದಿದ್ದೀರಿ ಮೇಷ್ಟ್ರೇ, ನಾನು ಬಡಿಸ್ತಾ ಇದ್ದೀನಿ ಅಷ್ಟೆ" ಎನ್ನುತ್ತಿದ್ದಳು.

ಇನ್ನು ಟ್ರ್ಯಾಕ್ಟರ್ ಹುಟ್ಟಿದ ಕಥೆ. ಇದನ್ನು ನಾನು ಕಣ್ಣಾರೆ ಕಂಡದ್ದಲ್ಲ, ಪಾಲಿಂಕ ಎಂಬ ಪ್ಲಮ್ ಹಣ್ಣಿನ ಸಾರಾಯಿ ಎರಡು ಲೋಟ ಇಳಿದಾಗಲೆಲ್ಲ ಮೇಷ್ಟ್ರೇ ಹೇಳುತ್ತಿದ್ದದ್ದು.

ಆಗಿನ ಕಾಲದಲ್ಲಿ ಯಾವ ಹೊಸ ಸಂಗೀತವಾದರೂ ಪೆಸ್ತ್‌ನಲ್ಲಿ ಒಂದು ಸಮಿತಿಯ ಮುಂದೆ ನುಡಿಸಿ ಒಪ್ಪಿಗೆ ಪಡೆಯಬೇಕಿತ್ತು. ಸಮಿತಿ ಎಂದ ಮೇಲೆ ಏನಾದರೂ ತಪ್ಪು ಹುಡುಕಲೇಬೇಕಲ್ಲ, ಇಲ್ಲದಿದ್ದರೆ ಸಂಬಳ ಯಾತಕ್ಕೆ? ಸಂಗೀತ ಬರೆಯುವವರೂ ಚಾಪೆ ಕೆಳಗೆ ತೂರುವವರಿಗೆ ರಂಗೋಲಿ ಕೆಳಗೆ ತೂರುವವರು. ಹೊಸ ಮನೆಗೆ ದೃಷ್ಟಿಬೊಂಬೆ ಕಟ್ಟುವ ಹಾಗೆ, ತಮ್ಮ ಕೃತಿಯ ನಡುವೆ ಬೇಕೆಂದೇ ಒಂದು ಕೆಟ್ಟ ತುಂಡು ಸೇರಿಸುತ್ತಿದ್ದರು. ಸಮಿತಿಯ ಕಣ್ಣು ಅದರ ಮೇಲೆ ಬೀಳುತ್ತಿತ್ತು, "ಇದನ್ನು ತೆಗೆಯಿರಿ" ಎನ್ನುತ್ತಿತ್ತು, ಇವರು ಮುಖ ಸಣ್ಣ ಮಾಡಿಕೊಂಡು ತೆಗೆಯುತ್ತಿದ್ದರು, ಒಳ್ಳೆಯದೆಲ್ಲ ಉಳಿಯುತ್ತಿತ್ತು.

ಮೇಷ್ಟ್ರು ಆಗ ತೀಸಾ ನದಿಯ ಮೇಲೆ ಒಂದು ದೊಡ್ಡ ಕೃತಿ ಬರೆದಿದ್ದರು. ಅದರ ಜೀವ ಇದ್ದದ್ದು 'ದೋಣಿ' ಎಂಬ ನಿಧಾನದ ಭಾಗದಲ್ಲಿ. ಅದು ಅವರ ಹೆಂಡತಿ ಎತೆಲ್ಕ ನೇನಿಯ ಸಂಗೀತ. ಹಿರಿಯ ಹೆಂಗಸರನ್ನು ನಾವು ನೇನಿ ಎನ್ನುತ್ತೇವೆ, ಹಿರಿಯ ಗಂಡಸರನ್ನು ಬಾಚಿ. ಮದುವೆಗೆ ಮುಂಚೆ ಇಬ್ಬರೂ ದಡದಿಂದ ದಡಕ್ಕೆ ಕಟ್ಟಿದ ಹಗ್ಗ ಹಿಡಿದು ಸಾಗುವ ದೋಣಿಯಲ್ಲಿ ನದಿ ದಾಟುವಾಗ ನಡುನೀರಿನಲ್ಲಿ ಹಗ್ಗ ಸಿಕ್ಕಿಕೊಂಡು ದೋಣಿ ನಿಂತುಬಿಟ್ಟಿತಂತೆ. ಇದೇ ಸಮಯವೆಂದು ಮೇಷ್ಟ್ರು "ನನ್ನನ್ನ ಮದುವೆ ಆಗ್ತೀರಾ?" ಎಂದು ಕೇಳಿದರಂತೆ. ಆಕೆ ಬಹಳ ಹೊತ್ತು ಏನೂ ಹೇಳಲಿಲ್ಲ. ನೀರು ಹಲಗೆಗೆ ಬಡಿಯುವ ಸದ್ದು ಬಿಟ್ಟರೆ ಬೇರೇನೂ ಇಲ್ಲ. ಕೊನೆಗೆ ಬಾಯಿ ಬಿಟ್ಟದ್ದು ಹೀಗೆ: "ಅಷ್ಟು ಜೋರಾಗಿ ಉಸಿರಾಡ್ಬೇಡಿ, ಮೀನೆಲ್ಲ ಓಡಿಹೋಗ್ತವೆ." ಅದನ್ನೇ ಇವರು ಒಪ್ಪಿಗೆ ಎಂದುಕೊಂಡರು. ಒಪ್ಪಿಗೆಯೇ ಆಗಿತ್ತು.

'ದೋಣಿ'ಯಲ್ಲೂ ಹಾಗೆಯೇ. ಸಂಗೀತ ಸಾಗುತ್ತ ಸಾಗುತ್ತ ನಡುವೆ ಪೂರ್ತಿ ನಿಂತುಹೋಗುತ್ತದೆ. ಉದ್ದವಾದ ಮೌನ. ಮೌನ ಮುಗಿದ ಮೇಲೆ, ಅಲ್ಲಿಯವರೆಗೂ ಮರೆಯಲ್ಲೇ ಇದ್ದ ರಾಗ ಮೊದಲ ಬಾರಿಗೆ ಮುಖ ತೋರಿಸುತ್ತದೆ. ಕಟ್ಟಕಡೆಗೆ ಭೇರಿಯ ಮೇಲೆ ಒಂದೇ ಒಂದು ಮೆಲ್ಲನೆಯ ಪೆಟ್ಟು, ದೋಣಿ ದಡಕ್ಕೆ ತಾಗಿದ ಹಾಗೆ. ಇಡೀ 'ದೋಣಿ'ಯಲ್ಲಿ ನನ್ನ ಪಾಲಿಗೆ ಅದೊಂದೇ.

ಸಮಿತಿಗೆ ಹೊರಡುವ ಹಿಂದಿನ ದಿನ ದೃಷ್ಟಿಬೊಂಬೆಯ ನೆನಪಾಯಿತು. ಹೊಸ ರಾಗ ಹುಡುಕಲು ಪುರುಸೊತ್ತಿಲ್ಲ. 'ದೋಣಿ'ಯ ಆ ರಾಗವನ್ನೇ ಎತ್ತಿ, ಕಾಲಿಗೆ ಬೂಟು ತೊಡಿಸಿ, ಕೈಗೆ ಕಹಳೆ ಕೊಟ್ಟು, ಧಡಬಡ ಭೇರಿ ಸೇರಿಸಿ ಒಂದು ಮಾರ್ಚ್ ಮಾಡಿದರು. ಇಷ್ಟು ಕೆಟ್ಟದ್ದನ್ನು ಕಿವಿಯಿದ್ದ ಯಾರೂ ಒಪ್ಪಲಾರರು ಎಂಬ ಧೈರ್ಯ.

ಸಮಿತಿಯ ಅಧ್ಯಕ್ಷ ಕಾಮ್ರೇಡ್ ಹುದಾಕ್ ಹಿಂದೆ ರೈಲ್ವೆ ಬ್ಯಾಂಡಿನಲ್ಲಿ ದೊಡ್ಡ ಡೋಲು ಬಾರಿಸುತ್ತಿದ್ದ ಮನುಷ್ಯ ಎಂದು ಮೇಷ್ಟ್ರಿಗೆ ಯಾರೂ ಹೇಳಿರಲಿಲ್ಲ. ಮಾರ್ಚ್ ಕೇಳುತ್ತ ಆತನ ಕಣ್ಣಲ್ಲಿ ನೀರು ಬಂತಂತೆ.

"ಇದು! ಇದು ಸಂಗೀತ!" ಎಂದನಂತೆ ಹುದಾಕ್. "ಕಣ್ಮುಂದೆ ಟ್ರ್ಯಾಕ್ಟರ್ ಕಾಣ್ತಿದೆ! ಆದ್ರೆ ಕಾಮ್ರೇಡ್ ಸೆಂತ್‌ಕುತಿ, ಈ ದೋಣಿ ಯಾಕೆ ನಿಲ್ಲುತ್ತೆ?"

"ಹಗ್ಗ ಸಿಕ್ಕೊಳ್ಳುತ್ತೆ, ಕಾಮ್ರೇಡ್."

"ಸಮಾಜವಾದದಲ್ಲಿ ದೋಣಿ ನಡುನೀರಲ್ಲಿ ನಿಲ್ಲೋದಿಲ್ಲ. ತೆಗೀರಿ."

ಹೀಗೆ ಮನೆಯನ್ನು ಕೆಡವಿ ದೃಷ್ಟಿಬೊಂಬೆಯನ್ನು ಉಳಿಸಿಕೊಂಡ ಹಾಗಾಯಿತು. ಮುಂದಿನ ವಸಂತದಲ್ಲಿ ರೇಡಿಯೊ ಬೆಳಗಿನ ಸುದ್ದಿಗೆ ಮುಂಚೆ ಅದನ್ನೇ ಹಾಕಿತು. ಶಾಲೆಯ ಮಕ್ಕಳು ಅದಕ್ಕೇ ಕವಾಯತು ಮಾಡಿದರು. ಮೇಷ್ಟ್ರಿಗೆ ಪದಕ ಬಂತು. ಅವರು ಪೆಸ್ತ್‌ನಲ್ಲಿ, ಪ್ರಾಗ್‌ನಲ್ಲಿ, ವಿಯೆನ್ನಾದಲ್ಲಿ ಘನವಾದ ಸಂಗೀತವನ್ನೆಲ್ಲ ನಡೆಸಿ ಹೆಸರು ಗಳಿಸಿದರು. ಆದರೆ ರೈಲಿನಲ್ಲಿ, ಮೀನಿನ ಅಂಗಡಿಯಲ್ಲಿ, ಹಲ್ಲಿನ ಡಾಕ್ಟರ ಬಳಿ ಬಾಯಿ ತೆರೆದು ಕೂತಾಗಲೂ ಜನ ಹೇಳುತ್ತಿದ್ದದ್ದು ಒಂದೇ: "ಓ, ಟ್ರ್ಯಾಕ್ಟರ್ ಎಲೆಮೇರ್ ಬಾಚಿ ನೀವೇ ಅಲ್ವಾ?" ಸರ್ಕಾರ ಬದಲಾದಾಗ ಚೌಕಗಳಲ್ಲಿದ್ದ ಪ್ರತಿಮೆಗಳನ್ನೆಲ್ಲ ಲಾರಿಯಲ್ಲಿ ಹೇರಿಕೊಂಡು ಹೋದರು. ಮಾರ್ಚೂ ಅವುಗಳ ಜೊತೆ ತೊಲಗುತ್ತದೆಂದು ಮೇಷ್ಟ್ರು ಪಾಲಿಂಕ ಹಂಚಿದರು. ಮರುವರ್ಷ ಐಸ್‌ಕ್ರೀಮ್ ವ್ಯಾನು ಬಂತು.

ಎಲ್ಲಕ್ಕಿಂತ ದೊಡ್ಡ ಹಿಂಸೆ ಅಡುಗೆಮನೆಯಲ್ಲಿತ್ತು. ಎತೆಲ್ಕ ನೇನಿಗೆ ಆ ಮಾರ್ಚ್ ಬಹಳ ಇಷ್ಟ. ಮೀನುಸಾರಿಗೆ ಈರುಳ್ಳಿ ಹೆಚ್ಚುವಾಗ ಅದನ್ನೇ ಗುನುಗುತ್ತ, ಚಾಕುವಿನಲ್ಲಿ ತಾಳ ಹಾಕುತ್ತಿದ್ದಳು. ಮೇಷ್ಟ್ರು ಬಾಗಿಲು ಬಡಿದು ಹೊರಗೆ ಹೋಗುತ್ತಿದ್ದರು. ತನ್ನದೇ ದೋಣಿಯ ರಾಗವನ್ನು ಗುನುಗುತ್ತಿದ್ದೇನೆಂದು ಆಕೆಗೆ ಗೊತ್ತಿರಲಿಲ್ಲ.

"ಹೇಳ್ಬಿಡಬಾರ್ದಾ ಮೇಷ್ಟ್ರೇ?" ಎಂದು ನಾನು ಒಮ್ಮೆ ಕೇಳಿದೆ. "ಪಿಯಾನೊದಲ್ಲಿ ಒಂದ್ಸಲ ನುಡಿಸಿ ತೋರ್ಸಿ."

"ಹಸಿದವರಿಗೆ ಮೀನುಸಾರಿನ ಫೋಟೋ ತೋರಿಸ್ತಾರೇನೋ? ಇಡೀ ವಾದ್ಯವೃಂದ ನುಡಿಸ್ಬೇಕು, ಅವಳು ಎದುರಿಗೆ ಕೂತಿರ್ಬೇಕು. ಆಗ್ಲೇ ಗೊತ್ತಾಗ್ಬೇಕು."

ಹಾಗಾದರೆ ನುಡಿಸಬಹುದಿತ್ತಲ್ಲ ಎನ್ನುತ್ತೀರಿ. ನುಡಿಸಿದೆವು. ಕಾಲ ಸ್ವಲ್ಪ ಸಡಿಲವಾದ ಮೇಲೆ, ಎರಡು ಸಲ. ಎರಡು ಸಲವೂ ದೋಣಿ ನಡುನೀರಿನಲ್ಲೇ ಮುಳುಗಿತು. ಅದಕ್ಕೆ ಕಾರಣ ನಮ್ಮ ಜನರ ಚಪ್ಪಾಳೆ, ಮತ್ತು ಹುದಾಕ್.

ನಮ್ಮವರ ಚಪ್ಪಾಳೆಗೆ ಒಂದು ಚಾಳಿಯಿದೆ. ಮೊದಲು ಎಲ್ಲೆಡೆಯ ಹಾಗೆ ಚದುರಿ ಬೀಳುತ್ತದೆ. ಆಮೇಲೆ ಯಾರೂ ಹೇಳದೆಯೇ ನೂರಾರು ಕೈಗಳು ಒಂದಾಗಿ ಠಪ್, ಠಪ್, ಠಪ್ ಎಂದು ಬೀಳತೊಡಗುತ್ತವೆ. ಅದನ್ನು ಕಬ್ಬಿಣದ ಚಪ್ಪಾಳೆ ಎನ್ನುತ್ತೇವೆ. ವೇಗ ಏರುತ್ತ ಏರುತ್ತ ಒಡೆದುಹೋಗುತ್ತದೆ, ಮತ್ತೆ ಮೊದಲಿನಿಂದ ಶುರುವಾಗುತ್ತದೆ. ಬೇಕಾದ್ದು ಸಿಗುವವರೆಗೂ ಸಭೆ ಬಿಡುವುದಿಲ್ಲ. ಮೇಷ್ಟ್ರ ಸಭೆಗೆ ಬೇಕಾದ್ದು ಟ್ರ್ಯಾಕ್ಟರ್.

ಹುದಾಕ್ ಈ ಹೊತ್ತಿಗೆ ಪೆಸ್ತ್‌ನಲ್ಲಿ ಯಾರದೋ ಕಾಲು ತುಳಿದು, ಶಿಕ್ಷೆಯಾಗಿ ನಮ್ಮೂರ ಸಂಸ್ಕೃತಿ ಭವನಕ್ಕೆ ಬಂದು ಬಿದ್ದಿದ್ದ. ಪ್ರತಿ ಕಛೇರಿಗೂ ಮೂರನೇ ಸಾಲಿನಲ್ಲಿ ಹಾಜರು. ಮಾರ್ಚನ್ನು ತಾನೇ ಹೆತ್ತವನಂತೆ ಮಾತಾಡುತ್ತಿದ್ದ. 'ದೋಣಿ' ನುಡಿಸುವಾಗ ಸುಮ್ಮನೆ ಕೂರುವನು, ಮೌನ ಬಂದ ಕೂಡಲೇ ಮುಗಿಯಿತೆಂದು ಸಂತೋಷದಿಂದ ಚಪ್ಪಾಳೆ ಹೊಡೆಯುವನು. ಸಭೆ ಹಿಂಬಾಲಿಸುತ್ತಿತ್ತು. ಅದು ಕಬ್ಬಿಣವಾಗುತ್ತಿತ್ತು. ಮೇಷ್ಟ್ರ ಎತ್ತಿದ ಎಡಗೈ ಎತ್ತಿದಂತೆಯೇ ಇರುತ್ತಿತ್ತು, ಯಾರಿಗೂ ಕಾಣುತ್ತಿರಲಿಲ್ಲ. ಕೊನೆಗೆ ಟ್ರ್ಯಾಕ್ಟರ್ ಕೊಡದೆ ಮನೆಗೆ ಹೋಗುವಂತಿರಲಿಲ್ಲ. ಎರಡನೇ ಸಲ ಹೀಗಾದ ಮೇಲೆ ಮೇಷ್ಟ್ರು 'ದೋಣಿ'ಯ ಹಾಳೆಗಳನ್ನು ಕಟ್ಟಿ ಕಪಾಟಿನ ಮೇಲೆ ಎಸೆದರು. ಮೌನವನ್ನು ಒಂಚೂರು ಕತ್ತರಿಸಿ ಎಂದು ಸಿದೋನಿಯ ಸಲಹೆ ಕೊಟ್ಟಳು. "ನಿನ್ನ ಮೂಗು ಕತ್ತರಿಸಲೇನಮ್ಮ?" ಎಂದು ಮೇಷ್ಟ್ರು ಕೇಳಿದರು. ಆ ಮಾತು ಅಲ್ಲಿಗೆ ನಿಂತಿತು.

ವರ್ಷಗಳು ಉರುಳಿದವು. ಮೇಷ್ಟ್ರ ಕೋಲು ನಡುಗತೊಡಗಿತು. ವಿದಾಯದ ಕಛೇರಿಯನ್ನು ಚಳಿಗಾಲದ ಕೊನೆಗೆ, ಅವರ ಹೆಸರಿನ ದಿನದಂದೇ ಇಟ್ಟುಕೊಂಡರು. ನಮ್ಮಲ್ಲಿ ಹುಟ್ಟಿದ ದಿನವನ್ನು ಮರೆತರೂ ಕ್ಯಾಲೆಂಡರಿನಲ್ಲಿ ಹೆಸರು ಬರುವ ದಿನವನ್ನು ಯಾರೂ ಮರೆಯುವುದಿಲ್ಲ. ಅಭ್ಯಾಸದ ಮೊದಲ ಬೆಳಿಗ್ಗೆ ಮೇಷ್ಟ್ರು ಹಳೆಯ ಹಾಳೆಗಳ ಧೂಳು ಒರೆಸಿ ಹಂಚಿದರು. 'ದೋಣಿ'.

ಅಭ್ಯಾಸ ಮುಗಿದ ಮೇಲೆ ನನ್ನ ಭೇರಿಯ ಹತ್ತಿರ ಬಂದರು. ಬೆರಳಿನಿಂದ ಅದರ ಚರ್ಮ ಸವರುತ್ತ, "ದೆಜೋ, ಕೊನೇ ಪೆಟ್ಟು ಇದೆಯಲ್ಲ, ನಾನು ಮೆಲ್ಲಗೆ ಅಂತ ಬರೆದಿದ್ದೀನಿ" ಎಂದರು.

"ಮೆಲ್ಲಗೇ ಬಾರಿಸ್ತೀನಿ ಮೇಷ್ಟ್ರೇ. ನಲವತ್ತು ವರ್ಷದಿಂದ ಮನೇಲಿ ಅಭ್ಯಾಸ ಮಾಡ್ತಿದ್ದೀನಿ, ಒಂದ್ಸಲಾನಾದ್ರೂ ಅವಕಾಶ ಕೊಡಿ."

"ಅವಳಿಗೆ ಎಡಗಿವಿ ಪೂರ್ತಿ ಹೋಗಿದೆ ಕಣೋ. ಬಲಗಿವಿನೂ ಬೇಸಿಗೆವರೆಗೆ ಅಷ್ಟೆ ಅಂದ್ರು ಡಾಕ್ಟ್ರು." ಅವರು ನನ್ನ ಮುಖ ನೋಡಲಿಲ್ಲ. "ಮೆಲ್ಲಗೆ ಬಾರ್ಸು. ಆದ್ರೆ ಅವಳಿಗೆ ಕೇಳ್ಬೇಕು."

ನನಗೆ ನಗು ಬರಲಿಲ್ಲ. ಅಂದು ನನ್ನ ಪ್ರೀತಿಯ ಮಾರ್ಚಿನ ಮೇಲೆ ನನಗೂ ಮೊದಲ ಸಲ ಸಿಟ್ಟು ಬಂತು.

ಸಿದೋನಿಯ ಮತ್ತು ನಾನು ಬಿಯರ್ ಮುಂದಿಟ್ಟುಕೊಂಡು ಕೂತೆವು. ಶತ್ರು ಯಾರೆಂದು ಗೊತ್ತಿತ್ತು. ಹುದಾಕನಿಗೆ ತೊಂಬತ್ತು ಸಮೀಪಿಸಿತ್ತು, ಆದರೆ ಅಂಗೈಗಳು ಇನ್ನೂ ಸಲಿಕೆಯ ಹಾಗಿದ್ದವು.

"ಟಿಕೆಟ್ ಮುಗಿದಿದೆ ಅನ್ನೋಣ್ವಾ?" ಎಂದೆ.

"ಬಾಗಿಲಲ್ಲೇ ಕೂತು ಅಳ್ತಾನೆ ಮುದುಕ. ಪೇಪರ್‌ನಲ್ಲಿ ಬರುತ್ತೆ."

"ಜ್ವರ ಬರಿಸೋಣ."

"ದೆಜೋ, ನೀನು ಭೇರಿ ಬಾರಿಸೋದೇ ಸರಿ, ತಲೆ ಓಡಿಸ್ಬೇಡ. ಚಪ್ಪಾಳೆಗೆ ಏನು ಬೇಕು?"

"ಕೈ."

"ಎಷ್ಟು?"

"ಎರಡು."

"ಎರಡೂ ಕೈ ತುಂಬಿಸ್ಬಿಡೋಣ" ಎಂದಳು ಸಿದೋನಿಯ.

ಅವಳ ಮನೆಯ ನೆಲಮಾಳಿಗೆಯಲ್ಲಿ ಚಳಿಗಾಲಕ್ಕೆಂದು ಒಳಗಿಟ್ಟ ಕಣಗಿಲೆ ಗಿಡವಿತ್ತು, ದೊಡ್ಡ ಮಣ್ಣಿನ ಕುಂಡದಲ್ಲಿ. ಹೂವಿಲ್ಲ, ಎಲೆಯೂ ಅಷ್ಟಕ್ಕಷ್ಟೆ. ಅದಕ್ಕೆ ಕೆಂಪು ರಿಬ್ಬನ್ ಕಟ್ಟಿದಳು. ಕಛೇರಿಯ ದಿನ ಹುದಾಕನ ಕೋಟಿನ ಗುಂಡಿ ಸರಿಮಾಡುತ್ತ, "ಹುದಾಕ್ ಬಾಚಿ, ಊರಿನ ಪರವಾಗಿ ಮೇಷ್ಟ್ರಿಗೆ ಇದನ್ನ ನೀವೇ ಕೊಡ್ಬೇಕು. ಕಾರ್ಯಕ್ರಮ ಪೂರ್ತಿ ಮುಗಿಯೋವರೆಗೂ ಕೆಳಗಿಡಬಾರ್ದು, ಅಪಶಕುನ" ಎಂದು ಕುಂಡವನ್ನು ಅವನ ಮಡಿಲಿಗೆ ಇಳಿಸಿದಳು. ಅವನ ಕಣ್ಣಲ್ಲಿ ಮತ್ತೆ ನೀರು. ಎರಡೂ ತೋಳುಗಳಿಂದ ಕುಂಡವನ್ನು ಮೊಮ್ಮಗುವಿನ ಹಾಗೆ ತಬ್ಬಿ ಕೂತ. ಎಲೆಗಳ ನಡುವೆ ಮೂಗು ಮಾತ್ರ ಕಾಣುತ್ತಿತ್ತು.

ಎತೆಲ್ಕ ನೇನಿ ಮೊದಲ ಸಾಲಿನಲ್ಲಿ, ಬಲಗಿವಿಯನ್ನು ವೇದಿಕೆಗೆ ತಿರುಗಿಸಿ ಕೂತಿದ್ದಳು. ಮುಂದಕ್ಕೆ ಬಾಗಿ ವೇದಿಕೆಯ ಮರದ ಅಂಚಿನ ಮೇಲೆ ಅಂಗೈ ಇಟ್ಟಿದ್ದಳು. ಕಿವಿಗೆ ಬಾರದ್ದು ಕೈಗೆ ಬರುತ್ತದೆಂದು ಆಕೆಗೆ ಯಾವಾಗಲೋ ತಿಳಿದಿತ್ತು.

'ದೋಣಿ' ಹೊರಟಿತು. ನಾನು ಕೈಕಟ್ಟಿ ಕಾದೆ. ಚಳಿಗಾಲದ ಕೆಮ್ಮು ಸಭೆಯಲ್ಲಿ ಅಲ್ಲಲ್ಲಿ ಗುಟುರು ಹಾಕುತ್ತಿತ್ತು, ಆದರೂ ಸಂಗೀತ ಸಾಗಿತು. ಪಿಟೀಲುಗಳ ದನಿ ಸಣ್ಣದಾಯಿತು. ಕೊಳಲು ನಿಂತಿತು. ಮೌನ ಬಂತು.

ನಾನು ಹುದಾಕನನ್ನೇ ನೋಡುತ್ತಿದ್ದೆ. ಅವನ ಮುಖ ಅರಳಿತು. ಕೈ ಎತ್ತಹೋದ, ಕುಂಡ ವಾಲಿತು, ಮತ್ತೆ ತಬ್ಬಿಕೊಂಡ. ಸಿದೋನಿಯ ಪಿಟೀಲಿನ ಮರೆಯಿಂದ ನನಗೆ ಕಣ್ಣು ಹೊಡೆದಳು. ಗೆದ್ದೆವು ಎಂದುಕೊಂಡೆ. ಅಷ್ಟರಲ್ಲಿ ಹುದಾಕ್ ಕಾಲು ಕುಟ್ಟಿದ.

ಧಡ್. ಧಡ್. ಧಡ್. ರೈಲ್ವೆ ಬೂಟು, ಮರದ ನೆಲ. ಡೋಲಿನವನಿಗೆ ಕಾಲೂ ಕೈಯೇ ಎಂಬುದು ನಮ್ಮಿಬ್ಬರಲ್ಲಿ ನನಗಾದರೂ ಹೊಳೆಯಬೇಕಿತ್ತು. ಸಭೆಗೆ ಅಷ್ಟು ಸಾಕಾಯಿತು. ಕೈಗಳೆಲ್ಲ ಸೇರಿಕೊಂಡವು, ಚದುರುವ ಹಂತವೇ ಇಲ್ಲದೆ ನೇರ ಕಬ್ಬಿಣ. ಠಪ್, ಠಪ್, ಠಪ್. ಮೇಲಿನ ಸಾಲುಗಳಿಂದ ಯಾರೋ "ಟ್ರ್ಯಾಕ್ಟರ್!" ಎಂದು ಕೂಗಿದರು. ಸಿದೋನಿಯ ಪಿಟೀಲನ್ನು ಮಡಿಲಿಗೆ ಇಳಿಸಿ ಕಣ್ಣು ಮುಚ್ಚಿದಳು. ಎತೆಲ್ಕ ನೇನಿ ವೇದಿಕೆಯಿಂದ ಕೈ ತೆಗೆದು ತಾನೂ ಚಪ್ಪಾಳೆಗೆ ಸಿದ್ಧವಾದಳು. ಅವಳೂ ಮುಗಿಯಿತೆಂದೇ ತಿಳಿದಿದ್ದಳು.

ಆಗ ಮೇಷ್ಟ್ರು ಸಭೆಯ ಕಡೆಗೆ ತಿರುಗಿದರು.

ಸೋತರು, ನಮಸ್ಕರಿಸುತ್ತಾರೆ ಎಂದುಕೊಂಡೆ. ಅವರು ಬಾಗಲಿಲ್ಲ. ಕೋಲು ಎತ್ತಿದರು. ಸಭೆಯ ಚಪ್ಪಾಳೆಗೆ ಸರಿಯಾಗಿ ತಾಳ ಹಾಕತೊಡಗಿದರು. ಜನ ಖುಷಿಯಾಗಿ ಇನ್ನೂ ಬಿಗಿಯಾಗಿ ಹೊಡೆದರು. ಸಿಕ್ಕಿಬಿದ್ದರು! ಐವತ್ತು ವರ್ಷ ನಮ್ಮಂಥ ಮೊಂಡರನ್ನು ಪಳಗಿಸಿದವರಿಗೆ ಒಂದು ಸಭೆ ಯಾವ ಲೆಕ್ಕ? ಕೋಲು ಒಂದು ಕೂದಲಷ್ಟು ತಡವಾಗಿ ಇಳಿಯಿತು. ಚಪ್ಪಾಳೆಯೂ ತಡವಾಯಿತು. ಇನ್ನೊಂದು ಕೂದಲು. ಓಡಿ ಒಡೆಯಬೇಕಿದ್ದ ಚಪ್ಪಾಳೆ ಹಿಂದಕ್ಕೆ ವಾಲಿತು, ನಿಧಾನವಾಯಿತು, ಮತ್ತೂ ನಿಧಾನವಾಯಿತು. ಎಡಗೈಯ ಬೆರಳುಗಳನ್ನು ಕೆಳಗೆ ಮಾಡಿ ಮೆಲ್ಲಗೆ, ಮೆಲ್ಲಗೆ ಎಂದರು. ನೂರಾರು ಅಂಗೈಗಳು ಪಿಸುಗುಟ್ಟತೊಡಗಿದವು. ಹುದಾಕನ ಬೂಟು ಕೂಡ ಬೆಕ್ಕಿನ ಹೆಜ್ಜೆ ಹಾಕಿತು. ನದಿಯ ನೀರು ಹಲಗೆಗೆ ಬಡಿಯುವ ಸದ್ದು ಅದು. ಬೇರೆ ಏನೂ ಅಲ್ಲ. ಎತೆಲ್ಕ ನೇನಿಯ ಕೈ ಮತ್ತೆ ವೇದಿಕೆಯ ಅಂಚಿಗೆ ಬಂದದ್ದನ್ನು ನಾನು ನೋಡಿದೆ.

ಮೇಷ್ಟ್ರು ಮುಷ್ಟಿ ಮುಚ್ಚಿದರು. ಸಭೆ ನಿಂತಿತು. ಒಂದು ಕೆಮ್ಮೂ ಇಲ್ಲ.

ಇದೇ ಆ ಮೌನ. ಅವರು ಅದನ್ನು ಪೂರ್ತಿ ತೆಗೆದುಕೊಂಡರು, ಒಂದಿಷ್ಟೂ ಕತ್ತರಿಸಲಿಲ್ಲ. ಆಮೇಲೆ ನಮ್ಮ ಕಡೆ ತಿರುಗಿ, ಹುಬ್ಬಿನಲ್ಲೇ ಸಿದೋನಿಯಳನ್ನು ಕರೆದರು. ರಾಗ ಬಂತು. ಬೂಟಿಲ್ಲದೆ, ಕಹಳೆಯಿಲ್ಲದೆ, ಬರಿಗಾಲಿನಲ್ಲಿ ಬಂತು. ಸಭೆಯಲ್ಲಿ ಮೊದಲು ಯಾರೋ ಕಿಸಕ್ಕೆಂದು ನಕ್ಕರು, ಪರಿಚಯದ ಮುಖವನ್ನು ಹೊಸ ಬಟ್ಟೆಯಲ್ಲಿ ಕಂಡವರ ಹಾಗೆ. ಆಮೇಲೆ ಆ ನಗು ಅಡಗಿತು. ಎತೆಲ್ಕ ನೇನಿಯ ತುಟಿ ತನ್ನಷ್ಟಕ್ಕೆ ಗುನುಗತೊಡಗಿ ಥಟ್ಟನೆ ನಿಂತುಹೋಯಿತು. ಆಕೆ ಇನ್ನೊಂದು ಕೈಯನ್ನೂ ಮರದ ಮೇಲಿಟ್ಟಳು.

ನನ್ನ ಸರದಿ ಬಂತು. ಮೆಲ್ಲಗೆ ಬಾರಿಸಬೇಕು, ಆಕೆಗೆ ಕೇಳಬೇಕು. ಅಷ್ಟು ವರ್ಷ ಮನೆಯಲ್ಲಿ ಮಾಡಿದ ಅಭ್ಯಾಸವೆಲ್ಲ ಆ ಗಳಿಗೆಯಲ್ಲಿ ಮರೆತುಹೋಯಿತು. ಭೇರಿಯ ಮೂರು ಕಾಲುಗಳೂ ಮರದ ನೆಲದ ಮೇಲೆ ಊರಿವೆ ಎಂಬುದೊಂದೇ ನೆನಪಿಟ್ಟುಕೊಂಡು ಕೈ ಇಳಿಬಿಟ್ಟೆ. ದುಂ. ಆಕೆಯ ಬೆರಳುಗಳು ಅಗಲವಾದವು.

ಮುಗಿಯಿತು. ಈಗ ನಿಜವಾಗಿ ಮುಗಿಯಿತು. ಆದರೆ ಯಾರೂ ಚಪ್ಪಾಳೆ ಹೊಡೆಯಲಿಲ್ಲ! ಒಮ್ಮೆ ಮೂರ್ಖರಾದ ಸಭಿಕರು ಮತ್ತೆ ಆಗಲು ಒಪ್ಪಲಿಲ್ಲ. ಎಲ್ಲರೂ ಅಂಗೈಗಳನ್ನು ತೊಡೆಯ ಕೆಳಗೆ ಇಟ್ಟುಕೊಂಡು, ಇನ್ನೂ ಇದೆಯೇನೋ ಎಂದು ಪಕ್ಕದವರ ಮುಖ ನೋಡಿದರು. ಹುದಾಕ್ ಎಲೆಗಳ ಹಿಂದೆ ಅವಿತುಕೊಂಡಿದ್ದ. ಮೇಷ್ಟ್ರು ನಮ್ಮ ಕಡೆಗೇ ಮುಖಮಾಡಿ, ಕೈ ಎತ್ತಿದಂತೆಯೇ ನಿಂತಿದ್ದರು. ಹಿಂತಿರುಗಿ ನೋಡುವ ಧೈರ್ಯ ಅವರಿಗಿಲ್ಲ ಎಂದು ನಮಗೆಲ್ಲ ಕಂಡಿತು. ಆ ಮೌನ 'ದೋಣಿ'ಯ ಮೌನಕ್ಕಿಂತ ಉದ್ದವಿತ್ತು.

ಆಗ ಎತೆಲ್ಕ ನೇನಿಯ ದನಿ ಕೇಳಿಸಿತು. ಕಿವಿ ಮಂದವಾದವರ ದನಿ, ತಾವು ಪಿಸುಗುಟ್ಟುತ್ತಿದ್ದೇವೆಂದು ತಿಳಿದು ಊರಿಗೆಲ್ಲ ಕೇಳುವಂಥದ್ದು.

"ಎಲೆಮೇರ್, ಉಸಿರು ಬಿಡಿ. ಮೀನು ಎಲ್ಲೂ ಓಡಿಹೋಗಿಲ್ಲ."

ಆಮೇಲೆ ಆದ ಗಲಾಟೆಯನ್ನು ನಾನು ವರ್ಣಿಸುವುದಿಲ್ಲ. ಸಭೆ ಎದ್ದು ನಿಂತಿತು, ಕಣಗಿಲೆ ಕುಂಡ ನೆಲಕ್ಕೆ ಬಿದ್ದು ಚೂರಾಯಿತು, ಕಬ್ಬಿಣದ ಚಪ್ಪಾಳೆ ಮೂರು ಸಲ ಒಡೆದು ಮೂರು ಸಲ ಕೂಡಿತು. ಯಾರೂ ಟ್ರ್ಯಾಕ್ಟರ್ ಕೇಳಲಿಲ್ಲ. ಕೊನೆಗೆ ಮೇಷ್ಟ್ರೇ ನನ್ನ ಕಡೆ ಕೋಲು ತೋರಿಸಿ, "ಬಾರ್ಸೋ ದೆಜೋ, ನಿನ್ನ ದರಿದ್ರ ಮಾರ್ಚನ್ನ" ಎಂದರು. ಚರ್ಮ ಹರಿಯುವ ಹಾಗೆ ಬಾರಿಸಿದೆ.

ವೇದಿಕೆಯ ಹಿಂದೆ ಎತೆಲ್ಕ ನೇನಿ ಗಂಡನ ಕೊರಳಪಟ್ಟಿ ಹಿಡಿದು ನಿಲ್ಲಿಸಿದಳು.

"ನಾನು ಈ ಹಾಡು ಹೇಳಿದಾಗೆಲ್ಲ ಬಾಗಿಲು ಬಡಿದು ಹೋಗ್ತಿದ್ದೆಯಲ್ಲ. ನನ್ನ ಹಾಡು ನಾನು ಹೇಳಿದ್ರೆ ನಿಂಗೇನಪ್ಪ ಸಂಕಟ?"

ಉತ್ತರ ಕೊಟ್ಟವನು ಹುದಾಕ್, ಪ್ಯಾಂಟಿನ ಮಣ್ಣು ಕೊಡವಿಕೊಳ್ಳುತ್ತ. "ಒಳ್ಳೇ ರಾಗ ಅಂತ ನಾನು ಮೊದಲ್ನೇ ದಿನವೇ ಹೇಳಿರ್ಲಿಲ್ವಾ?"

ಬೇಸಿಗೆ ಬಂತು. ಡಾಕ್ಟರು ಹೇಳಿದಂತೆಯೇ ಎತೆಲ್ಕ ನೇನಿಯ ಬಲಗಿವಿಯೂ ಹೋಯಿತು. ಪಿಯಾನೊ ಕೇಳಿಸದು, ರೇಡಿಯೊ ಕೇಳಿಸದು, ಗಂಡ ಬೈದರೂ ಕೇಳಿಸದು. ಒಂದು ಮಧ್ಯಾಹ್ನ ನಾನು ಅವರ ಮನೆಗೆ ಹೊರಟಿದ್ದೆ. ಬೀದಿಯ ನಡುವೆ ಐಸ್‌ಕ್ರೀಮ್ ವ್ಯಾನು ನಿಂತಿತ್ತು. ಅದರ ಮುಂದೆ ಕೈ ಅಡ್ಡ ಚಾಚಿ ಮೇಷ್ಟ್ರು ನಿಂತಿದ್ದರು. ಇವತ್ತು ಕೈ ಕೈ ಮಿಲಾಯಿಸುತ್ತಾರೆಂದು ಓಡಿದೆ.

"ಜೋರು ಮಾಡಪ್ಪ" ಎನ್ನುತ್ತಿದ್ದರು ಮೇಷ್ಟ್ರು.

"ಏನ್ ಬಾಚಿ ನೀವು! ಹೋದ ವರ್ಷ ಪುರಸಭೆಗೆ ದೂರು ಕೊಟ್ಟು ಸದ್ದು ತಗ್ಗಿಸಿದ್ದು ನೀವೇ ಅಲ್ವಾ?" ಎಂದ ಡ್ರೈವರ್.

"ದೂರು ವಾಪಸ್ ತಗೋತೀನಿ. ಎಷ್ಟು ಜೋರಾಗುತ್ತೋ ಅಷ್ಟು ಮಾಡು."

ತುತ್ತೂರಿ ಕಿರುಚಿತು. ಬೀದಿಯ ನಾಯಿಗಳೆಲ್ಲ ಎದ್ದವು, ಹೆಂಚಿನ ಮೇಲಿನ ಪಾರಿವಾಳಗಳು ಹಾರಿದವು. ತೆರೆದ ಕಿಟಕಿಯಲ್ಲಿ ಎತೆಲ್ಕ ನೇನಿ ಈರುಳ್ಳಿ ಹೆಚ್ಚುವುದನ್ನು ನಿಲ್ಲಿಸಿದಳು. ಅದುರುತ್ತಿದ್ದ ಕಿಟಕಿಯ ಚೌಕಟ್ಟಿನ ಮೇಲೆ ಅಂಗೈ ಇಟ್ಟು ತಲೆ ಓರೆ ಮಾಡಿದಳು. ಆಮೇಲೆ ಚಾಕುವಿನಿಂದ ಹಲಗೆಯ ಮೇಲೆ ಮೆಲ್ಲಗೆ ತಾಳ ಹಾಕತೊಡಗಿದಳು. ವ್ಯಾನಿನ ವೇಗಕ್ಕಲ್ಲ, ದೋಣಿಯ ವೇಗಕ್ಕೆ.

"ಬಾಚಿ, ನಾನು ಹೊರಡ್ಬೇಕು. ಇನ್ನೇನಾದ್ರೂ ತಗೊಳ್ಳೋದಿದ್ರೆ ತಗೊಳ್ಳಿ" ಎಂದ ಡ್ರೈವರ್.

ಮೇಷ್ಟ್ರಿಗೆ ಸಿಹಿ ಆಗದು, ಹಲ್ಲು ಜುಂ ಎನ್ನುತ್ತದೆ. ವ್ಯಾನು ಹೊರಡದಿರಲೆಂದು ಅಷ್ಟರಲ್ಲಿ ಕೊಂಡಿದ್ದ ಒಂದೊಂದು ಐಸ್‌ಕ್ರೀಮ್ ಎರಡು ಕೈಯಲ್ಲೂ ಕರಗಿ ಮೊಣಕೈವರೆಗೆ ಇಳಿಯುತ್ತಿತ್ತು. ಅವೆರಡನ್ನೂ ನನ್ನ ಕೈಗೆ ತುರುಕಿ, ಇನ್ನೊಂದು ಕೊಡು ಎಂದರು.